ಮಾತು ಬರುವ ಮೊದಲೇ ಮಗು ಮಾತಾಡುತ್ತದೆ

(ಮಕ್ಕಳ ಹೊರರೋಗಿ ವಿಭಾಗದಲ್ಲಿ ಲಸಿಕೆಯ ದಿನ ತಾಯಂದಿರಿಗೆ ನೀಡಿದ ಉಪನ್ಯಾಸದ ಬರಹರೂಪ)



ಚೀಟಿ ಕೈಯಲ್ಲಿ ಹಿಡಿದು ನಿಮ್ಮ ಸರದಿಗಾಗಿ ಕಾಯುತ್ತಿದ್ದೀರಿ. ಒಳಗೆ ಹೋದ ಕೂಡಲೇ ಬಹಳ ಮಂದಿ ಕೇಳುವ ಮೊದಲ ಪ್ರಶ್ನೆ, "ತೂಕ ಎಷ್ಟಾಗ್ಯದ್ರೀ ಸಿಸ್ಟರ್?" ತೂಕ ಬೇಕು, ಇಲ್ಲವೆನ್ನುವುದಿಲ್ಲ. ಆದರೆ "ನನ್ನ ಕೂಸು ಇನ್ನೂ ಮುಖ ನೋಡಿ ನಗುವುದಿಲ್ಲ, ಯಾಕೆ?" ಎಂದೋ, "ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಯಾಕೆ?" ಎಂದೋ ಕೇಳಿಕೊಂಡು ಬರುವವರು ಕಡಿಮೆ. ತೂಕ ತಿಳಿಯಲು ಯಂತ್ರವಿದೆ. ಮಗುವಿನ ನಗು, ನೋಟ, ದನಿ ತಿಳಿಯಲು ಮನೆಯವರ ಕಣ್ಣು, ಕಿವಿಯೇ ಬೇಕು. ವೈದ್ಯರು ಮಗುವನ್ನು ನೋಡುವುದು ಹತ್ತು ನಿಮಿಷ, ನೀವು ನೋಡುವುದು ಇಪ್ಪತ್ನಾಲ್ಕು ತಾಸು. ಆದ್ದರಿಂದ ಇವತ್ತು ಆ ವಿಷಯ ಮಾತಾಡೋಣ.

ಮಗು ಹುಟ್ಟಿದ ಮೇಲೆ ಕೇಳುವುದನ್ನು ಕಲಿಯುತ್ತದೆ ಎಂದು ಅನೇಕರು ತಿಳಿದಿದ್ದಾರೆ. ಹಾಗಲ್ಲ. ಬಸುರಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಹೊಟ್ಟೆಯೊಳಗಿನ ಕೂಸಿಗೆ ಶಬ್ದ ಕೇಳಲು ಶುರುವಾಗಿರುತ್ತದೆ. ತಾಯಿಯ ಎದೆಬಡಿತ, ಕರುಳಿನ ಗುಳುಗುಳು ಸದ್ದು, ಎಲ್ಲಕ್ಕಿಂತ ಹೆಚ್ಚಾಗಿ ತಾಯಿಯ ದನಿ ಅದಕ್ಕೆ ಪರಿಚಯ. 1980ರಲ್ಲಿ ಅಮೆರಿಕದ ಇಬ್ಬರು ಸಂಶೋಧಕರು ಹುಟ್ಟಿ ಮೂರು ದಿನವೂ ಆಗದ ಶಿಶುಗಳಿಗೆ ಒಂದು ಪರೀಕ್ಷೆ ಮಾಡಿದರು. ನಿಪ್ಪಲ್ ಚೀಪುವ ಲಯ ಬದಲಿಸಿದರೆ ತಾಯಿಯ ದನಿ ಅಥವಾ ಬೇರೆ ಹೆಂಗಸಿನ ದನಿ ಕೇಳುವ ಹಾಗೆ ಏರ್ಪಾಡು ಮಾಡಿದ್ದರು. ಆ ಹಸುಗೂಸುಗಳು ತಾಯಿಯ ದನಿ ಬರುವ ಹಾಗೆಯೇ ಚೀಪಿದವು! ಹಾಗಾಗಿ ಹೆರಿಗೆಯಾದ ದಿನವೇ "ಅದಕ್ಕೇನು ತಿಳಿಯುತ್ತದೆ" ಎನ್ನಬೇಡಿ. ನಿಮ್ಮ ದನಿ ಅದಕ್ಕೆ ಆಗಲೇ ತಿಳಿದಿದೆ.

ಕಣ್ಣು ಮಾತ್ರ ಇನ್ನೂ ಮಂಜು. 20ರಿಂದ 30 ಸೆಂಟಿಮೀಟರ್ ದೂರದ್ದು, ಅಂದರೆ ಒಂದು ಗೇಣು ಇಲ್ಲವೇ ಅದಕ್ಕಿಂತ ತುಸು ಹೆಚ್ಚು ದೂರದ್ದು ಮಾತ್ರ ಅದಕ್ಕೆ ಚೆನ್ನಾಗಿ ಕಾಣುತ್ತದೆ. ಎದೆಗೆ ಹಾಕಿಕೊಂಡಾಗ ಮಗುವಿನ ಮುಖದಿಂದ ತಾಯಿಯ ಮುಖ ಎಷ್ಟು ದೂರವಿರುತ್ತದೆ, ಅಳತೆ ಹಾಕಿ ನೋಡಿ. ಅಷ್ಟೇ. ಹಾಲು ಕುಡಿಸುವಾಗ ಮೊಬೈಲ್ ನೋಡದೆ ಮಗುವಿನ ಮುಖ ನೋಡಿ ಎಂದು ನಾವು ವಾರ್ಡಿನಲ್ಲಿ ಗದರಿಸುವುದು ಇದಕ್ಕೇ. ಸಿಟ್ಟಾಗಬೇಡಿ.

ಮೊದಲ ಒಂದೆರಡು ತಿಂಗಳು ಮಗುವಿನ ಭಾಷೆ ಅಳುವೇ. ಆದರೆ ಹಸಿವಾದ ಮಗು ಮೊದಲಿಗೇ ಅಳುವುದಿಲ್ಲ. ಬಾಯಿ ತೆರೆದು ಆಚೀಚೆ ಹುಡುಕುತ್ತದೆ, ತುಟಿ ಚಪ್ಪರಿಸುತ್ತದೆ, ಮುಷ್ಟಿಯನ್ನು ಬಾಯಿಗೆ ಒಯ್ಯುತ್ತದೆ. ಅದು ಯಾರ ಗಮನಕ್ಕೂ ಬಾರದಿದ್ದಾಗ ಅಳುತ್ತದೆ. ಅತ್ತು ಕೆಂಪಾದ ಮೇಲೆ ಮೊಲೆ ಹಿಡಿಯುವುದು ಕಷ್ಟ, ಆಗ "ಹಾಲು ಸಾಲುತ್ತಿಲ್ಲ" ಎಂಬ ಮಾತು ಮನೆಯಲ್ಲಿ ಹುಟ್ಟುತ್ತದೆ. ಒಂದೂವರೆ ತಿಂಗಳ ಹೊತ್ತಿಗೆ ಅಳು ಎಲ್ಲಕ್ಕಿಂತ ಹೆಚ್ಚಾಗಿ, ಮೂರು ತಿಂಗಳ ಹೊತ್ತಿಗೆ ತಾನಾಗಿಯೇ ಇಳಿಯುತ್ತದೆ. ಎತ್ತಿಕೊಂಡರೆ ಕೈ ರೂಢಿಯಾಗುತ್ತದೆ, ಬಿಡಿ, ಅಳಲಿ ಎನ್ನುವವರಿದ್ದಾರೆ. ಇಷ್ಟು ಎಳೆಯ ಕೂಸಿಗೆ ಆ ಮಾತು ಸಲ್ಲ. ಎತ್ತಿಕೊಳ್ಳಿ.

ನಿದ್ದೆಯಲ್ಲಿ ಕೂಸು ನಕ್ಕರೆ ದೇವರು ಆಡಿಸುತ್ತಾನೆ ಎನ್ನುತ್ತೇವೆ. ಆ ನಗು ಹುಟ್ಟಿದ ದಿನದಿಂದ ಇರುತ್ತದೆ. ನಾವು ಎದುರು ನೋಡಬೇಕಾದದ್ದು ಎಚ್ಚರವಿದ್ದಾಗ ನಿಮ್ಮ ಮುಖ ನೋಡಿ, ನಿಮ್ಮ ನಗುವಿಗೆ ಉತ್ತರವಾಗಿ ನಗುವ ನಗುವನ್ನು. ಅದು ಆರರಿಂದ ಎಂಟನೇ ವಾರದಲ್ಲಿ ಬರುತ್ತದೆ, ಸರಿಯಾಗಿ ಮೊದಲ ಪೆಂಟಾ ಲಸಿಕೆಗೆ ನೀವು ಇಲ್ಲಿಗೆ ಬರುವ ಸಮಯ. ಇದೇ ಹೊತ್ತಿಗೆ "ಊಂ", "ಆಗೂ" ಎಂಬ ದನಿಗಳೂ ಶುರು. ಇಲ್ಲಿ ಒಂದು ಗುಟ್ಟಿದೆ. ನೀವು ಏನಾದರೂ ಹೇಳಿ, ನಿಲ್ಲಿಸಿ, ಸುಮ್ಮನೆ ಕಾಯಿರಿ. ಮಗು ಕೈಕಾಲು ಆಡಿಸಿ, ಬಾಯಿ ಸರಿಮಾಡಿಕೊಂಡು, ತಡವಾಗಿ ಒಂದು "ಆಗೂ" ಕೊಡುತ್ತದೆ. ನೀವು ಮತ್ತೆ ಹೇಳಿ. ಒಬ್ಬರು ಹೇಳುವುದು, ಇನ್ನೊಬ್ಬರು ಕೇಳಿ ಉತ್ತರಿಸುವುದು ಎಂಬ ಸಂಭಾಷಣೆಯ ಲಕ್ಷಣ ಎರಡು ತಿಂಗಳ ಕೂಸಿಗೆ ಬಂದಿರುತ್ತದೆ. ನಾವೇ ಒಂದೇ ಸಮ ಮಾತಾಡಿ ಅದಕ್ಕೆ ಎಡೆ ಕೊಡುವುದಿಲ್ಲ.

ಈ ವಿಷಯದಲ್ಲಿ ನನ್ನ ಗುರುಗಳು ಯಾರೆಂದರೆ ಕೂಸಿಗೆ ಎರೆಯುವ ಅಜ್ಜಿಯರು. ಡಿಪ್ಲೊಮಾದಲ್ಲಿ ಮೂರೂವರೆ ವರ್ಷ ಕಲಿತದ್ದಕ್ಕಿಂತ ಬಚ್ಚಲ ಬಾಗಿಲಲ್ಲಿ ಕೂತು ಹೆಚ್ಚು ಕಲಿತೆ. ಅಜ್ಜಿ ಕಾಲು ನೀಡಿ ಕೂತು, ಕೂಸನ್ನು ಕಾಲಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚುತ್ತ, "ಎಲ್ಲೈತಿ ನನ್ನ ರಾಜಾನ ಕಾಲು? ಇಲ್ಲೈತಿ. ಈಗ ಕೈ ಕೊಡು ನೋಡೂಣು. ಯಾಕ ಸಿಟ್ಟು? ನೀರು ಬಿಸಿ ಆತೇನು?" ಎಂದು ಕೇಳುತ್ತಲೇ ಇರುತ್ತಾಳೆ. ಮುಟ್ಟಿದ ಅಂಗಕ್ಕೆ ಹೆಸರು, ಪ್ರತಿ ಪ್ರಶ್ನೆಯ ನಂತರ ಒಂದು ಬಿಡುವು, ದನಿಯಲ್ಲಿ ಏರಿಳಿತ, ಮುಖ ಒಂದು ಮೊಳದೊಳಗೆ. ಭಾಷಾ ಚಿಕಿತ್ಸಕರು ಹಣ ಕೊಟ್ಟು ಬಂದ ತಾಯಂದಿರಿಗೆ ಕಲಿಸುವುದೂ ಇದನ್ನೇ. ಒಂದು ವಿನಂತಿ ಮಾತ್ರ: ಕಿವಿಗೂ ಮೂಗಿಗೂ ಎಣ್ಣೆ ಬಿಡಬೇಡಿ, ಬಾಯಿಂದ ಮೂಗು ಊದಬೇಡಿ. ಉಳಿದದ್ದೆಲ್ಲ ನಡೆಯಲಿ. ಬಾಣಂತನ ಮುಗಿಸಿ ತವರಿನಿಂದ ಗಂಡನ ಮನೆಗೆ ಹೋದ ಮೇಲೆ ಎಷ್ಟೋ ಕೂಸುಗಳಿಗೆ ಈ ಮಾತು ನಿಂತುಹೋಗುತ್ತದೆ, ಕೆಲಸದ ಗಡಿಬಿಡಿಯಲ್ಲಿ ಎರಡು ತಂಬಿಗೆ ನೀರು ಹಾಕಿ ಮುಗಿಸುತ್ತಾರೆ. ತಂದೆಯರು ಇದ್ದೀರಲ್ಲ, ಈ ಕೆಲಸ ನಿಮಗೂ ಬರುತ್ತದೆ.

ಮೂರು ನಾಲ್ಕು ತಿಂಗಳಿಗೆ ಕತ್ತು ನಿಲ್ಲುತ್ತದೆ, ಮಗು ಗಟ್ಟಿಯಾಗಿ ನಗುತ್ತದೆ. ನಾಲ್ಕರಿಂದ ಆರರೊಳಗೆ ಮಗ್ಗುಲಾಗಿ ಬೋರಲು ಬೀಳುತ್ತದೆ, ಗಿಲಕಿಯ ಸದ್ದು ಬಂದ ಕಡೆಗೆ ತಿರುಗುತ್ತದೆ. ಆರರಿಂದ ಒಂಬತ್ತರೊಳಗೆ ಕೂರುತ್ತದೆ. ಈ ಮೂರು ತಿಂಗಳಲ್ಲಿ ನಾವು ಹೆಚ್ಚು ಗಮನ ಕೊಡಬೇಕಾದದ್ದು ಒಂದಿದೆ. "ಆ", "ಊ" ಎಂಬ ಸ್ವರಗಳು ಹೋಗಿ "ಬಬಬ", "ಮಮಮ", "ದದದ" ಎಂಬ ಸರಪಳಿ ಬರಬೇಕು. ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕಿವಿ ಕೇಳದ ಮಗುವೂ ಎರಡು ಮೂರು ತಿಂಗಳಲ್ಲಿ "ಆಗೂ" ಎನ್ನುತ್ತದೆ, ಮುಖ ನೋಡಿ ನಗುತ್ತದೆ. ಯಾರಿಗೂ ಸಂಶಯ ಬರುವುದಿಲ್ಲ. ಆದರೆ "ಬಬಬ" ಬರಬೇಕಾದರೆ ಬೇರೆಯವರ ಮಾತೂ ತನ್ನ ದನಿಯೂ ತನಗೆ ಕೇಳಬೇಕು. ಅಲ್ಲಿ ಅದು ನಿಂತುಬಿಡುತ್ತದೆ.

ಇದು ನನ್ನ ಮನೆಯಲ್ಲೇ ಆಯಿತು. ನನ್ನ ಅಕ್ಕನನ್ನು ಸೋದರಮಾವನಿಗೆ ಕೊಟ್ಟಿದ್ದರು. ಗಂಡು ಮಗು ಹುಟ್ಟಿತು. ದುಂಡಗೆ ಇದ್ದ, ಹೊತ್ತಿಗೆ ಸರಿಯಾಗಿ ಕತ್ತು ನಿಂತಿತು, ಏಳು ತಿಂಗಳಿಗೆ ಕೂತ. ಒಂಬತ್ತು ತಿಂಗಳಾದಾಗ ಅಕ್ಕ ನನ್ನನ್ನು ಕೇಳಿದಳು, "ಇವನು ಬರೇ ಆ ಊ ಅಂತಾನ. ಕಿವಿ ಕೇಳಸ್ತಾವೋ ಇಲ್ಲೋ, ನೀ ನರ್ಸ್ ಇದ್ದಿ, ನೋಡು." ನಾನು ಅಡುಗೆಮನೆಯಿಂದ ಒಂದು ಸ್ಟೀಲ್ ತಾಟು, ಚಮಚ ತಂದೆ. ಅವನ ಹಿಂದೆ ನಿಂತು ಬಡಿದೆ. ತಿರುಗಿ ನೋಡಿದ. ಎಲ್ಲರೂ ನಕ್ಕೆವು. "ಕೇಳಸ್ತೈತಿ, ಸುಮ್ಮನಿರು. ಮಾವನೂ ತಡಾ ಮಾಡೇ ಮಾತಾಡಿದ್ನಂತಲ್ಲ" ಅಂದೆ. ಅಕ್ಕ ನನ್ನ ಮಾತು ನಂಬಿದಳು, ಯಾಕೆಂದರೆ ನಾನು ನರ್ಸ್.

ಅವನು ಎರಡು ವರ್ಷ ಮೂರು ತಿಂಗಳಿನವನಾದಾಗ ಅಂಗನವಾಡಿ ಕಾರ್ಯಕರ್ತೆ ಅಕ್ಕನನ್ನು ತಪಾಸಣೆ ಶಿಬಿರಕ್ಕೆ ಒತ್ತಾಯ ಮಾಡಿ ಕಳಿಸಿದರು. ಅಲ್ಲಿಂದ ಪರೀಕ್ಷೆಗೆ ಕಳಿಸಿದಾಗ ಎರಡೂ ಕಿವಿಯಲ್ಲಿ ಶ್ರವಣದೋಷ ಇರುವುದು ತಿಳಿಯಿತು. ಪೂರ್ತಿ ಕಿವುಡಲ್ಲ. ಬಾಗಿಲು ಬಡಿದರೆ, ನಾಯಿ ಬೊಗಳಿದರೆ, ತಾಟು ಬಿದ್ದರೆ ಅವನಿಗೆ ಕೇಳುತ್ತಿತ್ತು. ನಾವು ಆಡುವ ಮಾತಿನ ದನಿ ಅದಕ್ಕಿಂತ ಎಷ್ಟೋ ಮೆಲ್ಲಗೆ. "ಸ", "ಕ", "ತ", "ಪ" ಇಂಥ ಅಕ್ಷರಗಳಂತೂ ಬರೀ ಉಸಿರಿನ ಸದ್ದು. ಅವು ಅವನನ್ನು ಮುಟ್ಟುತ್ತಲೇ ಇರಲಿಲ್ಲ. ತಾಟಿನ ಪರೀಕ್ಷೆ ತೋರಿಸಿದ್ದು ಅವನಿಗೆ ತಾಟು ಕೇಳುತ್ತದೆ ಎಂಬುದನ್ನು ಮಾತ್ರ. ಎಷ್ಟೋ ಸಲ ಅಷ್ಟೂ ಅಲ್ಲ, ಹಿಂದೆ ನಿಂತವರ ನೆರಳು, ಸೆರಗಿನ ಗಾಳಿ, ನೆಲದ ಅದುರು ಇವುಗಳಿಂದಲೇ ಮಗು ತಿರುಗುತ್ತದೆ. ಕಿವಿ ಸರಿಯಿಲ್ಲದ ಮಗುವಿಗೆ ಕಣ್ಣು ಬಹಳ ಚುರುಕು.

ಈಗ ಅವನು ನಾಲ್ಕನೇ ತರಗತಿ. ಎರಡೂ ಕಿವಿಗೆ ಶ್ರವಣ ಯಂತ್ರವಿದೆ, ಎಲ್ಲರ ಜೊತೆ ಅದೇ ಶಾಲೆಯಲ್ಲಿ ಓದುತ್ತಾನೆ, ಜಗಳವನ್ನೂ ಚೆನ್ನಾಗಿ ಆಡುತ್ತಾನೆ. ಆದರೆ ಓರಗೆಯ ಮಕ್ಕಳಷ್ಟು ಮಾತು ಅವನಲ್ಲಿ ಇನ್ನೂ ಇಲ್ಲ. ಅಕ್ಕ ಕೇಳಿದ ದಿನವೇ ಪರೀಕ್ಷೆಗೆ ಕರೆದೊಯ್ದಿದ್ದರೆ ಒಂದೂವರೆ ವರ್ಷ ಉಳಿಯುತ್ತಿತ್ತು. ಅಕ್ಕ ಈ ಬಗ್ಗೆ ನನಗೆ ಒಂದು ಮಾತೂ ಅಂದಿಲ್ಲ. ನಾನು ಲಸಿಕೆಯ ದಿನ ತಪ್ಪದೆ ಇಲ್ಲಿ ನಿಂತು ಈ ಭಾಷಣ ಮಾಡುವುದು ಆ ಕಾರಣಕ್ಕೆ.

ವಯಸ್ಸು ಯಾಕೆ ಮುಖ್ಯ? 1998ರಲ್ಲಿ ಅಮೆರಿಕದ ಕೊಲೊರಾಡೊ ರಾಜ್ಯದ ಒಂದು ಅಧ್ಯಯನ ಪ್ರಕಟವಾಯಿತು. ಆರು ತಿಂಗಳೊಳಗೆ ಶ್ರವಣದೋಷ ಪತ್ತೆಯಾಗಿ ಉಪಚಾರ ಶುರುವಾದ ಮಕ್ಕಳ ಭಾಷೆ, ತಡವಾಗಿ ಪತ್ತೆಯಾದ ಮಕ್ಕಳ ಭಾಷೆಗಿಂತ ಸ್ಪಷ್ಟವಾಗಿ ಮುಂದಿತ್ತು. ಆದ್ದರಿಂದ ಈಗ ವೈದ್ಯರು ಒಂದು, ಮೂರು, ಆರು ಎಂಬ ಲೆಕ್ಕ ಹೇಳುತ್ತಾರೆ: ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಅದರಲ್ಲಿ ಸಂಶಯ ಬಂದರೆ ಮೂರು ತಿಂಗಳೊಳಗೆ ಖಚಿತ ಪರೀಕ್ಷೆ, ಆರು ತಿಂಗಳೊಳಗೆ ಯಂತ್ರ ಮತ್ತು ತರಬೇತಿ. ಮೊದಲ ಪರೀಕ್ಷೆಗೆ ಓ.ಎ.ಇ. ಎನ್ನುತ್ತಾರೆ. ಮಲಗಿದ ಮಗುವಿನ ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಡುತ್ತಾರೆ, ಕೆಲವು ನಿಮಿಷದ ಕೆಲಸ. ಸೂಜಿಯಿಲ್ಲ, ನೋವಿಲ್ಲ. ಹುಟ್ಟಿದ ಒಂದೆರಡು ದಿನದಲ್ಲಿ ಮಾಡಿದರೆ ಕಿವಿಯೊಳಗೆ ಉಳಿದ ಕೊಳೆಯಿಂದಲೂ ಫಲಿತಾಂಶ ಸರಿ ಬಾರದೆ ಇರಬಹುದು. "ಮತ್ತೆ ಬನ್ನಿ" ಎಂದರೆ ಮಗು ಕಿವುಡು ಎಂದು ಅರ್ಥವಲ್ಲ, ಆದರೆ ಮತ್ತೆ ಬರಲೇಬೇಕು. ದುಃಖದ ವಿಷಯವೆಂದರೆ ಹಾಗೆ ಹೇಳಿಸಿಕೊಂಡವರಲ್ಲಿ ಕೆಲವರು ಹೆದರಿ ಬರುವುದಿಲ್ಲ, ಕೆಲವರು ಮರೆತು ಬರುವುದಿಲ್ಲ. ಎರಡನೆಯದು ಬೆರಾ ಪರೀಕ್ಷೆ, ಕಿವಿಯಿಂದ ಮೆದುಳಿನ ತನಕ ಶಬ್ದ ತಲುಪುತ್ತದೆಯೇ ಎಂದು ನೋಡುವುದು. ಹುಟ್ಟಿದಾಗ ತೀವ್ರ ನಿಗಾ ಘಟಕದಲ್ಲಿದ್ದ, ಕಾಮಾಲೆ ತೀರ ಹೆಚ್ಚಾಗಿದ್ದ ಮಕ್ಕಳಿಗೆ ಓ.ಎ.ಇ. ಸರಿ ಬಂದರೂ ಬೆರಾ ಮಾಡಿಸುವುದು ಒಳ್ಳೆಯದು. ಮಿದುಳಿನ ಪೊರೆಯ ಜ್ವರ ಬಂದುಹೋದ ಮಕ್ಕಳು, ಸಂಬಂಧದಲ್ಲೇ ಮದುವೆಯಾದವರ ಮಕ್ಕಳು, ಮನೆತನದಲ್ಲಿ ಚಿಕ್ಕಂದಿನಿಂದ ಕಿವಿ ಕೇಳದವರು ಇದ್ದರೆ ಅಂಥ ಮನೆಯ ಮಕ್ಕಳು, ಇವರ ಬಗ್ಗೆಯೂ ವಿಶೇಷ ಎಚ್ಚರ ಬೇಕು. ಸಂಬಂಧದ ಮದುವೆ ಎಂದು ಹೇಳಲು ನಾಚಬೇಡಿ. ನಮಗೆ ಲೆಕ್ಕಕ್ಕೆ ಬೇಕಾದದ್ದು, ತಪ್ಪು ಹೊರಿಸಲು ಅಲ್ಲ.

ಒಂಬತ್ತು ತಿಂಗಳ ದಡಾರ ಲಸಿಕೆಗೆ ಬರುವಾಗ ಮಗು ಹೆಸರಿಗೆ ತಿರುಗಬೇಕು, ಗುರುತಿಲ್ಲದವರನ್ನು ಕಂಡರೆ ಮುಖ ಮುಚ್ಚಿಕೊಳ್ಳುವುದೋ ಅಳುವುದೋ ಮಾಡಬಹುದು. ನನ್ನನ್ನು ಕಂಡು ಅತ್ತರೆ ನೀವು ಸಂಕೋಚ ಪಡುತ್ತೀರಿ, ನನಗೆ ಸಂತೋಷ. ಮನೆಯವರು ಯಾರು, ಹೊರಗಿನವರು ಯಾರು ಎಂದು ಅದಕ್ಕೆ ತಿಳಿಯಿತು! ವರ್ಷದ ಹೊತ್ತಿಗೆ ಟಾಟಾ ಮಾಡುವುದು, ಚಪ್ಪಾಳೆ ತಟ್ಟುವುದು, ಬೇಡವೆಂದು ತಲೆ ಆಡಿಸುವುದು, "ಅವ್ವ", "ಅಪ್ಪ" ಎಂದು ಗುರುತಿಟ್ಟು ಕರೆಯುವುದು. ಇವುಗಳಿಗಿಂತಲೂ ನಾನು ಹುಡುಕುವುದು ಬೆರಳು ತೋರಿಸುವುದನ್ನು. ಚಂದಪ್ಪನನ್ನೋ ಎಮ್ಮೆಯನ್ನೋ ಬೆರಳಿಂದ ತೋರಿಸಿ, ಆಮೇಲೆ ತಿರುಗಿ ನಿಮ್ಮ ಮುಖ ನೋಡುತ್ತದಲ್ಲ, ಆ ನೋಟ. ನೀನೂ ನೋಡಿದೆಯಾ ಎಂದು ಕೇಳುವ ನೋಟ ಅದು. ಒಂದೂವರೆ ವರ್ಷವಾದರೂ ಬೆರಳು ತೋರಿಸದೆ, ಕಣ್ಣಲ್ಲಿ ಕಣ್ಣಿಡದೆ, ತನ್ನ ಪಾಡಿಗೆ ಗಾಲಿ ತಿರುಗಿಸುತ್ತ ಕೂರುವ ಮಗುವನ್ನು "ಶಾಂತ ಮಗು" ಎಂದು ಮೆಚ್ಚಿ ಬಿಡಬೇಡಿ, ತೋರಿಸಿ.

ನಡೆಯುವುದರ ಬಗ್ಗೆ ನಿಮಗಿರುವಷ್ಟು ಚಿಂತೆ ನನಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಲೆಕ್ಕ ಪ್ರಕಟಿಸಿತು. ಒಬ್ಬಂಟಿಯಾಗಿ ನಡೆಯುವ ವಯಸ್ಸು ಸುಮಾರು 8 ತಿಂಗಳಿಂದ ಹದಿನೇಳೂವರೆ ತಿಂಗಳ ತನಕ ಹರಡಿತ್ತು. ನೂರಕ್ಕೆ ನಾಲ್ಕು ಮಕ್ಕಳು ಅಂಬೆಗಾಲೇ ಇಡದೆ ನೇರ ಎದ್ದು ನಡೆದಿದ್ದರು. ಆದ್ದರಿಂದ ಪಕ್ಕದ ಮನೆಯ ಕೂಸು ಹನ್ನೊಂದಕ್ಕೆ ನಡೆಯಿತೆಂದು ಗಾಬರಿಯಾಗಿ ವಾಕರ್ ತರಬೇಡಿ. ವಾಕರ್‌ನಲ್ಲಿ ಕೂತ ಮಗು ಬೇಗ ನಡೆಯುವುದಿಲ್ಲ, ಮೆಟ್ಟಿಲಿಂದ ಬೀಳುವುದು ಮಾತ್ರ ಬೇಗ. ಕೆನಡಾ ದೇಶ 2004ರಲ್ಲಿ ಅದರ ಮಾರಾಟವನ್ನೇ ನಿಷೇಧಿಸಿತು. ನಮ್ಮ ಬಡಿಗರು ಮಾಡುವ ಮೂರು ಗಾಲಿಯ ಕಟ್ಟಿಗೆ ಗಾಡಿ, ನಿಂತು ತಳ್ಳುವಂಥದ್ದು, ಎಷ್ಟೋ ವಾಸಿ.

ದಿನ ತುಂಬದೆ ಹುಟ್ಟಿದ ಮಕ್ಕಳ ತಾಯಂದಿರು ಲೆಕ್ಕವನ್ನು ಬೇರೆ ಇಟ್ಟುಕೊಳ್ಳಬೇಕು. ಎರಡು ತಿಂಗಳು ಮೊದಲೇ ಹುಟ್ಟಿದ ಮಗುವಿಗೆ ಇವತ್ತು ಆರು ತಿಂಗಳಾದರೆ, ಅದರಿಂದ ನಾಲ್ಕು ತಿಂಗಳ ಮಗುವಿನ ಆಟ ನಿರೀಕ್ಷಿಸಿ. ಎರಡು ವರ್ಷದ ತನಕ ಹೀಗೆಯೇ. ಲಸಿಕೆಗೆ ಮಾತ್ರ ಹುಟ್ಟಿದ ದಿನದಿಂದಲೇ ಲೆಕ್ಕ.

ಈಗ ನೀವು ಕೇಳುವ ಪ್ರಶ್ನೆಗಳು. ಬಜೆ ತೇಯ್ದು ನಾಲಿಗೆಗೆ ಹಚ್ಚಿದರೆ ಮಾತು ಬರುತ್ತದೆಯೇ? ಇಲ್ಲ. ಮಾತು ನಾಲಿಗೆಯಿಂದ ಹುಟ್ಟುವುದಕ್ಕಿಂತ ಮೊದಲು ಕಿವಿಯಿಂದ ಹುಟ್ಟುತ್ತದೆ. ಬಜೆಯಿಂದ ವಾಂತಿಯಾಗಿ ಬಂದ ಮಕ್ಕಳನ್ನು ನಾವು ಕಂಡಿದ್ದೇವೆ. ಜೇನುತುಪ್ಪವನ್ನೂ ವರ್ಷ ತುಂಬುವ ತನಕ ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ಎಳೆಗೂಸಿನ ನರಗಳಿಗೆ ಅಪಾಯ. ನಾಲಿಗೆಯ ಕೆಳಗಿನ ದಾರ ಕತ್ತರಿಸಬೇಕೇ? ಹಾಲು ಚೀಪಲು ತೊಂದರೆಯಿದ್ದರೆ ವೈದ್ಯರು ನೋಡುತ್ತಾರೆ. ಆದರೆ ಆ ದಾರದಿಂದ ಕೆಲವು ಅಕ್ಷರ ತೊದಲಬಹುದೇ ಹೊರತು ಮಾತೇ ಬಾರದೆ ಹೋಗುವುದಿಲ್ಲ. ಅದನ್ನು ಕತ್ತರಿಸಿ ಕಿವಿಯ ಪರೀಕ್ಷೆ ಬಿಟ್ಟವರಿದ್ದಾರೆ. ಮನೆಯಲ್ಲಿ ಕನ್ನಡ, ತಾಯಿಯ ತವರಲ್ಲಿ ಮರಾಠಿ, ಓಣಿಯಲ್ಲಿ ಉರ್ದು ಇದ್ದರೆ ಮಗುವಿಗೆ ಗೊಂದಲವೇ? ಇಲ್ಲ. ಎರಡು ಮೂರು ಭಾಷೆ ಕೇಳಿದ್ದರಿಂದ ಮಾತು ನಿಲ್ಲುವುದಿಲ್ಲ. ಯಾರಿಗೆ ಯಾವುದು ಸಲೀಸೋ ಅದರಲ್ಲೇ ಆಡಿಸಿ.

ಇನ್ನು ಮೊಬೈಲ್. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, ಎರಡು ವರ್ಷಕ್ಕಿಂತ ಚಿಕ್ಕ ಮಕ್ಕಳಿಗೆ ಪರದೆಯ ಮುಂದೆ ಕೂರಿಸುವುದು ಬೇಡವೆಂದು. ಹಾಡು ಹಾಕಿ ಫೋನು ಮುಂದಿಟ್ಟರೆ ಬಾಯಿ ತೆರೆಯುತ್ತದೆ, ತುತ್ತು ಹೋಗುತ್ತದೆ, ನನಗೆ ಗೊತ್ತಿದೆ. ಆದರೆ ಫೋನು ಮಗುವಿನ "ಬಬಬ"ಗೆ ಕಾಯುವುದಿಲ್ಲ, ಉತ್ತರ ಕೊಡುವುದಿಲ್ಲ. ಊಟದ ಹೊತ್ತು ಮಾತಿನ ಹೊತ್ತೂ ಹೌದು, ಅದನ್ನು ಫೋನಿಗೆ ಬಿಟ್ಟುಕೊಡಬೇಡಿ.

ತಾಯಿ ಕಾರ್ಡಿನ ಒಳಹಾಳೆಯಲ್ಲಿ ತಿಂಗಳಿಗೆ ತಕ್ಕ ಹಾಗೆ ಚಿತ್ರಗಳಿವೆ, ಓದು ಬಾರದವರಿಗೂ ತಿಳಿಯುತ್ತವೆ. ಲಸಿಕೆಯ ಪುಟ ಮಾತ್ರ ನೋಡಿ ಮಡಚಬೇಡಿ. ಮೂರು ತಿಂಗಳಾದರೂ ಮುಖ ನೋಡಿ ನಗದಿದ್ದರೆ, ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಒಂಬತ್ತಾದರೂ "ಬಬಬ" ಬಾರದಿದ್ದರೆ ಅಥವಾ ಆಸರೆ ಕೊಟ್ಟರೂ ಕೂರದಿದ್ದರೆ, ವರ್ಷವಾದರೂ ಟಾಟಾ, ಚಪ್ಪಾಳೆ, ಬೆರಳು ಯಾವುದೂ ಇಲ್ಲದಿದ್ದರೆ, ಹದಿನಾರು ತಿಂಗಳಿಗೆ ಒಂದು ಪದವೂ, ಎರಡು ವರ್ಷಕ್ಕೆ "ಅವ್ವ ಬಾ", "ಹಾಲು ಬೇಕು" ಎಂಬಂಥ ಎರಡು ಪದದ ಮಾತೂ ಇಲ್ಲದಿದ್ದರೆ, ಕರೆದುಕೊಂಡು ಬನ್ನಿ. ಆಡುತ್ತಿದ್ದ ಮಾತು, ಮಾಡುತ್ತಿದ್ದ ಆಟ ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ ಮರುದಿನಕ್ಕೂ ಕಾಯಬೇಡಿ. ಅವರಪ್ಪ ತಡವಾಗಿ ಮಾತಾಡಿದ್ದು ನಿಜವಿರಬಹುದು. ಪರೀಕ್ಷೆ ಮಾಡಿಸಿ ಎಲ್ಲ ಸರಿಯಿದೆ ಎಂದು ತಿಳಿದ ಮೇಲೆ ಆ ಮಾತು ಹೇಳಿಕೊಂಡು ನಗೋಣ.

ಖರ್ಚಿನ ಚಿಂತೆ ಇರುವವರಿಗೆ: 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗಳಿಗೆ ಬಂದು ಮಕ್ಕಳನ್ನು ಉಚಿತವಾಗಿ ತಪಾಸಣೆ ಮಾಡುತ್ತದೆ. ಮುಂದಿನ ಪರೀಕ್ಷೆಗೆ ಜಿಲ್ಲಾ ಮಟ್ಟದ ಕೇಂದ್ರಕ್ಕೆ ಕಳಿಸುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಕಿವಿ, ಮಾತು ಎರಡಕ್ಕೂ ಅಲ್ಲಿ ಪರೀಕ್ಷೆ, ಯಂತ್ರ, ತರಬೇತಿ ದೊರೆಯುತ್ತದೆ, ಮಗುವಿನ ಜೊತೆ ತಾಯಿಗೂ ಕಲಿಸುತ್ತಾರೆ. ಶ್ರವಣ ಯಂತ್ರಕ್ಕೂ, ಯಂತ್ರದಿಂದ ಪ್ರಯೋಜನವಾಗದ ಮಕ್ಕಳ ಶಸ್ತ್ರಚಿಕಿತ್ಸೆಗೂ ಸರ್ಕಾರದ ನೆರವಿದೆ. ಶಸ್ತ್ರಚಿಕಿತ್ಸೆಗೆ ವಯಸ್ಸಿನ ಮಿತಿ ಇಟ್ಟಿದ್ದಾರೆ, ಹಾಗಾಗಿ ನೋಡೋಣ, ಮುಂದಿನ ಜಾತ್ರೆ ಮುಗಿಯಲಿ ಎಂದು ದಿನ ತಳ್ಳಬೇಡಿ. ಎಲ್ಲಿಗೆ, ಯಾವ ದಿನ, ಯಾವ ಕಾಗದ ತೆಗೆದುಕೊಂಡು ಹೋಗಬೇಕು ಎಂಬುದನ್ನು ನಾವೇ ಬರೆದುಕೊಡುತ್ತೇವೆ.

ತೂಕದ ಯಂತ್ರದ ಪಕ್ಕದ ಮೇಜಿನಲ್ಲಿ ನಾನು ಕೂತಿರುತ್ತೇನೆ. ಸೂಜಿ ಹಾಕಿಸುವುದಕ್ಕೆ ಮೊದಲೇ ಬನ್ನಿ, ಆಮೇಲೆ ಮಗು ಅಳುತ್ತಿರುತ್ತದೆ, ಏನೂ ತಿಳಿಯುವುದಿಲ್ಲ. ತಾಯಿ ಕಾರ್ಡು ತೆಗೆದಿಟ್ಟುಕೊಳ್ಳಿ. ಮಲಗಿರುವ ಕೂಸನ್ನು ಎಬ್ಬಿಸಬೇಡಿ, ಕಾಯೋಣ.